ದರೆ ಒರಗಬೇಕು

ನಮ್ಮ ಮನೆಯ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ ಇದೆ. ಅದರ ಒಂದು ಪಕ್ಕ ಬೊಗಸೆಯಷ್ಟು ಒಳಕ್ಕೆ ಹೋಗಿದೆ. ಪಾತ್ರೆ ಕೆಲಸದವರ ಹತ್ತಿರ ಒಯ್ದು ತಟ್ಟಿಸಿದ್ದರೆ ಸರಿಯಾಗುತ್ತಿತ್ತು, ಅಜ್ಜಿ ಬಿಡಲಿಲ್ಲ. 1978ರ ಆಷಾಢದ ಒಂದು ರಾತ್ರಿ ಮನೆ ಹಿಂದಿನ ದರೆ ಜರಿದು, ಬಚ್ಚಲ ಗೋಡೆಯನ್ನು ದೂಡಿಕೊಂಡು ಒಳಗೆ ಬಂದಿತ್ತು. ಬೆಳಿಗ್ಗೆ ಕೆಸರು ತೋಡಿದಾಗ ಹಂಡೆ ಸಿಕ್ಕಿತು, ಅದರ ಮೂತಿಯ ತನಕ ಬಿಳಿಚು ಮಣ್ಣು ತುಂಬಿತ್ತು. ಜನಕ್ಕೆ ದನಕ್ಕೆ ಏನೂ ಆಗಲಿಲ್ಲ. ಸೌದೆ ಒಟ್ಟಲು ಜಾಗ ಸಾಲದೆಂದು ಅಪ್ಪಯ್ಯ ಅದೇ ಬೇಸಿಗೆಯಲ್ಲಿ ದರೆಯನ್ನು ಮೂರಡಿ ಒಳಕ್ಕೆ, ಗೋಡೆಯ ಹಾಗೆ ನೆಟ್ಟಗೆ ಕಡಿಸಿದ್ದರು. ಆಳು ಗುದ್ದಲಿ ಎತ್ತುವ ಮೊದಲೇ ಅಜ್ಜಿ ಹೇಳಿದ್ದಳು: “ನೆಟ್ಟಗೆ ಕಡೀಬೇಡ ಮಾರಾಯ. ದರೆ ನಿಂತ್ಕಬಾರ್ದು, ಒರಗ್ಕಬೇಕು.”

ದರೆ ಎಂದರೆ ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಮಲೆನಾಡಿನಲ್ಲಿ ಸಮತಟ್ಟು ಜಾಗ ಎನ್ನುವುದು ದೇವರು ಕೊಟ್ಟದ್ದಲ್ಲ, ಗುಡ್ಡದಿಂದ ಕಡಿದುಕೊಂಡದ್ದು. ಹಾಗೆ ಕಡಿದಾಗ ಮನೆಯ ಹಿಂದೆ ಉಳಿಯುವ ಮಣ್ಣಿನ ಗೋಡೆಯೇ ದರೆ. ಕೊಡಗಿನ ಕಡೆ ಇದನ್ನೇ ಬರೆ ಎನ್ನುತ್ತಾರೆ. ಪತ್ರಿಕೆಗಳು ಮಾತ್ರ ಮಹಾಪ್ರಾಣ ಹಾಕಿ ‘ಧರೆ ಕುಸಿತ’ ಎಂದು ಅಚ್ಚು ಮಾಡುತ್ತವೆ. ಓದಿದರೆ ಭೂಮಂಡಲವೇ ಕುಸಿದ ಹಾಗೆ ಕೇಳಿಸುತ್ತದೆ. ಯಾರ ಮನೆ ಹಿಂದೆ ಅದು ಕುಸಿಯುತ್ತದೋ ಅವರ ಪಾಲಿಗೆ ಅದೇನೂ ಅತಿಶಯೋಕ್ತಿ ಅಲ್ಲವೇನೋ.

ನಾನು ಆಮೇಲೆ ಭೂವಿಜ್ಞಾನ ಓದಿ, ಬಾಗಲಕೋಟೆ ಸೀಮೆಯ ಒಂದು ಕಾಲೇಜಿನಲ್ಲಿ ಇಪ್ಪತ್ತೇಳು ವರ್ಷ ಪಾಠ ಮಾಡಿದೆ. ಪ್ರತಿ ಡಿಸೆಂಬರಿನಲ್ಲಿ ಹುಡುಗರನ್ನು ಬಾದಾಮಿಗೆ ಕರೆದುಕೊಂಡು ಹೋಗುತ್ತಿದ್ದೆ. ಇಳಿಜಾರಿನ ಕೋನ ಅಳೆಯುವ ಕ್ಲೈನೋಮೀಟರು ಚೀಲದಲ್ಲಿ, ಅಜ್ಜಿಯ ಮಾತು ತಲೆಯಲ್ಲಿ. ಬಾದಾಮಿಯ ಬಂಡೆಗಳು ಅಜ್ಜಿಯ ಮಾತನ್ನು ಸುಳ್ಳು ಮಾಡುವ ಹಾಗೆ ನಿಂತಿದ್ದವು. ಹದಿನೈದು ಅಡಿಯ ನಮ್ಮ ದರೆ ಒಂದು ಮಳೆಗಾಲ ತಡೆಯಲಿಲ್ಲ. ಆರೇಳು ಅಂತಸ್ತಿನ ಎತ್ತರದ ಈ ಕೆಂಪು ಗೋಡೆಗಳು ಚಾಲುಕ್ಯರಿಗೂ ಮೊದಲಿನಿಂದ ಹಾಗೆಯೇ ಇವೆ.

ವಸ್ತುಸಂಗ್ರಹಾಲಯದ ಪಕ್ಕದಿಂದ ಬಡಗಣ ಕೋಟೆಗೆ ಹತ್ತುವ ದಾರಿ ನೋಡಿದವರಿಗೆ ನೆನಪಿರಬಹುದು. ಎರಡು ಬಂಡೆಗಳ ನಡುವಿನ ಸೀಳಿನಲ್ಲೇ ನಡೆಯಬೇಕು. ಕೆಲವು ಕಡೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ, ತಲೆಯೆತ್ತಿದರೆ ಆಕಾಶ ಒಂದು ರಿಬ್ಬನ್ನು. ಮಟಮಟ ಮಧ್ಯಾಹ್ನವೂ ಅಲ್ಲಿ ತಂಪು. ಮಂಗಗಳು ಮೇಲಿನ ಅಂಚಿನಿಂದ ನಮ್ಮ ಬುತ್ತಿಯನ್ನೇ ನೋಡುತ್ತಿರುತ್ತವೆ. ಮೊದಲ ವರ್ಷವೇ ಒಬ್ಬ ಹುಡುಗ ಆ ಗೋಡೆಗೆ ಅಂಗೈ ಒತ್ತಿ ಕೇಳಿದ:

“ಇದನ್ನ ಯಾರ್ ಕಡದಾರ್ರಿ ಮೇಡಂ? ಇಷ್ಟ್ ಸಾಫ್ ಐತಲ್ರಿ.”

“ಯಾರೂ ಕಡದಿಲ್ಲಪಾ. ತಾನ ಬಿರದೈತಿ.”

ಅವನಿಗೆ ನಂಬಿಕೆ ಬರಲಿಲ್ಲ. ಬರುವುದು ಕಷ್ಟವೇ. ಬಾದಾಮಿಯ ಕಲ್ಲು ಮರಳುಗಲ್ಲು. ಪ್ರಾಣಿಗಳು ನೆಲದ ಮೇಲೆ ಓಡಾಡುವುದಕ್ಕೂ ಎಷ್ಟೋ ಕಾಲ ಮೊದಲು, ಹರಿಯುವ ನೀರು ಹಾಸು ಹಾಸಾಗಿ ಹರಡಿ ಹೋದ ಮರಳು ಗಟ್ಟಿಯಾಗಿ ಆದ ಕಲ್ಲು. ಗೋಡೆಗೆ ಮುಖ ಹತ್ತಿರ ತಂದು ನೋಡಿದರೆ ಮಡಿಸಿಟ್ಟ ಸೀರೆಗಳ ಹಾಗೆ ಪದರಗಳು ಕಾಣುತ್ತವೆ. ಕೆಲವು ಪದರಗಳ ಒಳಗೆ ಓರೆಯಾದ ಸಣ್ಣ ಗೆರೆಗಳಿವೆ, ಅವು ಆ ಕಾಲದ ನೀರು ಯಾವ ದಿಕ್ಕಿಗೆ ಹರಿಯುತ್ತಿತ್ತು ಎಂಬುದರ ಗುರುತು. ಪದರಗಳು ಇಲ್ಲಿ ಹೆಚ್ಚುಕಡಿಮೆ ಅಡ್ಡಕ್ಕೇ ಮಲಗಿವೆ. ಅವುಗಳನ್ನು ಮೇಲಿನಿಂದ ಕೆಳಗೆ ಸೀಳಿದ ಬಿರುಕುಗಳು ನೆಟ್ಟಗಿವೆ. ಅಡ್ಡ ಪದರ, ನೆಟ್ಟನೆಯ ಬಿರುಕು: ಬಾದಾಮಿಯ ಕಡಿದಾದ ಗೋಡೆಗಳ ಗುಟ್ಟು ಇಷ್ಟೇ. ಬುಡದ ಮೆತ್ತನೆ ಪದರ ಸವೆದಾಗ ಮೇಲಿನ ಕಲ್ಲು ಆಧಾರ ತಪ್ಪಿ, ಬಿರುಕಿನ ಗುಂಟ ಕಳಚಿಕೊಂಡು ಬೀಳುತ್ತದೆ. ಬ್ರೆಡ್ಡಿನ ತುದಿಯ ಹೋಳು ಬಿದ್ದ ಹಾಗೆ. ಬಿದ್ದ ಮೇಲೆ ಉಳಿಯುವುದೂ ನೆಟ್ಟನೆಯ ಗೋಡೆಯೇ. ಅಂದರೆ ಬಾದಾಮಿಯ ಬಂಡೆ ಬೀಳುವುದಿಲ್ಲ ಎಂದಲ್ಲ, ಬಿದ್ದೂ ಬಿದ್ದೂ ನೆಟ್ಟಗಿದೆ.

ಮೇಣಬಸದಿ ಎಂದು ಊರವರು ಕರೆಯುವ ತೆಂಕಣ ಗುಡ್ಡದ ಗುಹೆಗಳಿಗೂ ಇದೇ ಅಡ್ಡ ಪದರ ನೆರವಾಯಿತು. ಮೂರನೆಯ ಗುಹೆಯಲ್ಲಿ ಮಂಗಲೇಶ ಬರೆಸಿದ 578ರ ಶಾಸನ ಇದೆ. ಅಲ್ಲಿ ತಲೆಯೆತ್ತಿ ಚಾವಣಿ ನೋಡಿ. ಆ ಸಪಾಟು ಅರ್ಧ ಉಳಿಯದ್ದು, ಅರ್ಧ ಕಲ್ಲಿನದೇ. ಎರಡನೆಯ ಮತ್ತು ಮೂರನೆಯ ಗುಹೆಯ ನಡುವಿನ ಸೀಳಿನಲ್ಲಿ ಮೇಲಿನ ಕೋಟೆಗೆ ಹೋಗುವ ಕಡಿದಾದ ಮೆಟ್ಟಿಲುಗಳಿವೆ. ಈಗ ಅಲ್ಲಿ ಬೀಗ.

ಬಾದಾಮಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗುಹೆಯಲ್ಲ, ಬಡಗಣ ಗುಡ್ಡದ ಬಂಡೆಯ ಮೇಲಿನ ಒಂದು ಸಣ್ಣ ಸಂಸ್ಕೃತ ಶಾಸನ. ಶಕ 465, ಅಂದರೆ 543ನೇ ಇಸವಿಯದು. ಚಾಲುಕ್ಯ ವಲ್ಲಭೇಶ್ವರ, ಎಂದರೆ ಮೊದಲನೆಯ ಪುಲಕೇಶಿ, ವಾತಾಪಿಯ ಗುಡ್ಡವನ್ನು ಮೇಲಿನಿಂದಲೂ ಕೆಳಗಿನಿಂದಲೂ ಗೆಲ್ಲಲಾಗದ ಕೋಟೆ ಮಾಡಿದ ಎಂದು ಅದು ಹೇಳುತ್ತದೆ. ಕೆಳಗಿನಿಂದ ಸರಿ. ‘ಮೇಲಿನಿಂದಲೂ’ ಯಾಕೆ? ಹುಡುಗರಿಗೆ ಈ ಪ್ರಶ್ನೆ ಹಾಕಿ ನಾನು ಸುಮ್ಮನೆ ಕುಳಿತುಕೊಳ್ಳುತ್ತಿದ್ದೆ. ಆಕಾಶದಿಂದ ಬರುವ ದೇವತೆಗಳಿಂದ ಹಿಡಿದು ಹದ್ದಿನ ತನಕ ಉತ್ತರ ಬರುತ್ತಿದ್ದವು.

ನನ್ನ ಉತ್ತರ ಇದು. ಊರಿನಿಂದ ನೋಡಿದರೆ ಬಾದಾಮಿ ಎರಡು ಗುಡ್ಡಗಳ ಊರು. ಮೇಲೆ ಹತ್ತಿ ನೋಡಿದರೆ ಗುಡ್ಡವೇ ಇಲ್ಲ, ಇರುವುದು ಒಂದು ಕಲ್ಲಿನ ಬಯಲು ಮತ್ತು ಅದರ ಮುರಿದ ಅಂಚು. ಮಹಾಕೂಟದ ಕಡೆಯಿಂದ ಒಂದು ಸಲ ಗುಡ್ಡ ಏರಿದರೆ, ಆಮೇಲೆ ಹಾಸುಬಂಡೆಯ ಮೇಲೆ ನಡೆದುಕೊಂಡು ಬಾದಾಮಿಯ ನೆತ್ತಿಗೇ ಬಂದು ನಿಲ್ಲಬಹುದು. ಒಂದು ಮುಖ ಕಡಿದು, ಬೆನ್ನು ಸಪಾಟು. ಕೆಳಗಿನವನಿಗೆ ಗೋಡೆಯಾದದ್ದು ಮೇಲಿನವನಿಗೆ ಜಗಲಿ. ಪುಲಕೇಶಿಗೆ ಬಂಡೆಯ ಎದೆ ಮಾತ್ರವಲ್ಲ, ಬೆನ್ನೂ ಗೊತ್ತಿತ್ತು. ಆ ಒಂದು ಪದ ಸೇರಿಸಿದವನಿಗೆ ಕವಿಗಿಂತ ಹೆಚ್ಚಾಗಿ ಇಂಜಿನಿಯರನ ತಲೆ ಇತ್ತು ಅನಿಸುತ್ತದೆ. ಆದರೂ ತೊಂಬತ್ತೊಂಬತ್ತು ವರ್ಷದ ಮೇಲೆ, 642ರಲ್ಲಿ, ಪಲ್ಲವರ ನರಸಿಂಹವರ್ಮ ಊರು ಹಿಡಿದು, ಅಲ್ಲಿನ ಬಂಡೆಯ ಮೇಲೇ ತನ್ನ ಶಾಸನ ಕೆತ್ತಿಸಿದ. ಬಂಡೆ ಎರಡನ್ನೂ ಇಟ್ಟುಕೊಂಡಿದೆ.

ಬಾದಾಮಿಯ ಅಗಸ್ತ್ಯತೀರ್ಥ ಕೆರೆಯ ದಂಡೆ ಹಿಡಿದು ಭೂತನಾಥನ ಗುಡಿಯ ಹಿಂದಕ್ಕೆ ಹೋದರೆ ಮನೆಯಷ್ಟು ಮನೆಯಷ್ಟು ದೊಡ್ಡ ಬಂಡೆಗಳು ಅಡ್ಡಾದಿಡ್ಡಿ ಬಿದ್ದಿವೆ. ಒಂದರ ಅಡಿಯಲ್ಲಿ ಅನಂತಶಯನನನ್ನು ಕೆತ್ತಿದ್ದಾರೆ. ಇವೆಲ್ಲ ಮೇಲಿನಿಂದ ಕಳಚಿ ಬಿದ್ದವು. ಯಾವ ಕಡಿದಾದ ಬಂಡೆಯ ಬುಡಕ್ಕೆ ಹೋದರೂ ಮೊದಲು ನೋಡಬೇಕಾದ್ದು ಮೇಲಕ್ಕಲ್ಲ, ಕಾಲಬುಡಕ್ಕೆ. ಬಿದ್ದದ್ದನ್ನು ಯಾರಾದರೂ ಸಾಗಿಸುತ್ತಿದ್ದಾರೆಯೇ? ಹೊಳೆಯೋ ಸಮುದ್ರವೋ ಬುಡ ಗುಡಿಸುತ್ತಿದ್ದರೆ ಗೋಡೆ ಗೋಡೆಯಾಗಿ ಉಳಿಯುತ್ತದೆ. ಗುಡಿಸುವವರಿಲ್ಲದಿದ್ದರೆ ಬಿದ್ದ ಕಲ್ಲು ಬುಡದಲ್ಲೇ ರಾಶಿಯಾಗಿ, ರಾಶಿ ಏರಿ, ಕೊನೆಗೊಂದು ದಿನ ಗೋಡೆಯೇ ರಾಶಿಯೊಳಗೆ ಮುಚ್ಚಿಹೋಗುತ್ತದೆ.

ರಾಶಿ ಎಂದೆ. ಭೂವಿಜ್ಞಾನದ ಒಂದು ದೊಡ್ಡ ಪಾಠ ಕಣದಲ್ಲಿದೆ. ತರಗತಿಯಲ್ಲಿ ಹಳೆ ಪೇಪರು ಹಾಸಿ ಮುಷ್ಟಿಯಿಂದ ರಾಗಿ ಸುರಿಸುತ್ತಿದ್ದೆ. ಗುಡ್ಡೆ ಏಳುತ್ತದೆ, ಇನ್ನಷ್ಟು ಸುರಿದರೆ ಎತ್ತರವೂ ಅಗಲವೂ ಹೆಚ್ಚುತ್ತವೆ, ಆದರೆ ಪಕ್ಕದ ಇಳಿಜಾರು ಬದಲಾಗುವುದಿಲ್ಲ. ಕೋನಮಾಪಕ ಹಿಡಿದರೆ ಪ್ರತಿಸಲ ಇಪ್ಪತ್ತೈದರ ಆಸುಪಾಸು. ಒಣ ಮರಳು ಸುರಿದರೆ ಮೂವತ್ತನಾಲ್ಕರ ಹತ್ತಿರ. ಮೂಲೆ ಮೂಲೆಯ ಜಲ್ಲಿಕಲ್ಲಾದರೆ ಇನ್ನೂ ಸ್ವಲ್ಪ ಹೆಚ್ಚು, ನಲವತ್ತರ ತನಕ. ಒಂದೊಂದು ವಸ್ತುವಿಗೆ ಅದರದೇ ಒಂದು ಒರಗು. ಅದಕ್ಕಿಂತ ಕಡಿದಾಗಿ ನಿಲ್ಲಿಸಿದರೆ ನಿಮ್ಮ ಕಣ್ಣೆದುರೇ ಜಾರಿ ತನ್ನ ಕೋನಕ್ಕೆ ಬಂದು ಕೂರುತ್ತದೆ. ಅಜ್ಜಿ ಕೋನಮಾಪಕ ಕಂಡವಳಲ್ಲ. ಅವಳು ಬಾಳಿಡೀ ಭತ್ತದ ರಾಶಿ ನೋಡಿದ್ದಳು.

ಕೋಟೆ ಕಟ್ಟುವವರ ಕಸುಬೆಲ್ಲ ಈ ಒರಗಿನ ವಿರುದ್ಧದ ಜಗಳ. ನಾನು ಹುಟ್ಟಿದ ಊರಿನಿಂದ ಸ್ವಲ್ಪ ದೂರದಲ್ಲೇ ನಗರದ ಕೋಟೆ, ಕೆಳದಿಯ ಅರಸರ ಬಿದನೂರು. 1763ರಲ್ಲಿ ಹೈದರ್ ಅಲಿ ಹಿಡಿದದ್ದು. ಸಣ್ಣವರಿದ್ದಾಗ ನಮಗೆ ಅದರ ಗೋಡೆಗಿಂತ ಅಗಳು ದೊಡ್ಡ ಆಕರ್ಷಣೆ, ಮಳೆಗಾಲದಲ್ಲಿ ನೀರು ನಿಂತು ಕಪ್ಪೆ ಕೂಗುವ ಆಳದ ಕಂದಕ. ಅಗಳು ನಮಗೆ ಹೊಸ ವಸ್ತುವೇನಲ್ಲ, ಪ್ರತಿ ಅಡಿಕೆ ತೋಟದ ಸುತ್ತಲೂ ಒಂದು ಅಗಳು ಇರುತ್ತದೆ. ಹೊರಗಿನಿಂದ ದನ ಇಳಿಯಬಹುದು, ಆದರೆ ತೋಟದ ಕಡೆಯ ಮಗ್ಗುಲು ನೆಟ್ಟಗಿರುತ್ತದೆ. ತೋಡಿದ ಮಣ್ಣನ್ನೂ ಒಳಗಡೆಗೇ ಎತ್ತಿ ಹಾಕುತ್ತಾರೆ. ನಾಲ್ಕಡಿ ತೋಡಿದರೆ ಏಳಡಿಯ ತಡೆ ಪುಕ್ಕಟೆ.

ಯುರೋಪಿನ ಕೋಟೆ ಶಾಸ್ತ್ರದಲ್ಲೂ ಇರುವುದು ಇದೇ. ಅಗಳಿನ ಒಳ ಮಗ್ಗುಲಿಗೆ, ಕೋಟೆಗೆ ಸೇರಿದ ಕಡಿದಾದ ಮುಖಕ್ಕೆ, ಇಟಲಿಯವರು ‘ಸ್ಕಾರ್ಪಾ’ ಎಂದರು. ಎದುರು ಮಗ್ಗುಲಿಗೆ ಇಂಗ್ಲಿಷರು ‘ಕೌಂಟರ್‌ಸ್ಕಾರ್ಪ್’ ಎಂದರು. ಇಟಲಿಯ ಆ ‘ಸ್ಕಾರ್ಪಾ’ ಪದವೇ ಫ್ರೆಂಚಿಗೆ ಹೋಗಿ, ಅಲ್ಲಿಂದ ಭೂವಿಜ್ಞಾನದ ‘ಎಸ್ಕಾರ್ಪ್‌ಮೆಂಟ್’ ಆಯಿತು. ಸೈನಿಕರ ಮಾತನ್ನು ನಾವು ಬೆಟ್ಟಗಳಿಗೆ ಅಂಟಿಸಿದ್ದೇವೆ. ಕನ್ನಡದ ಪಠ್ಯಪುಸ್ತಕಗಳು ಎಲ್ಲಕ್ಕೂ ‘ಪ್ರಪಾತ’ ಎಂದು ಬರೆದು ಕೈತೊಳೆದುಕೊಳ್ಳುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ದರೆ, ಬರೆ, ಅರೆ, ಕೊರಕಲು, ಕಮರಿ, ಅಗಳು ಎಂದು ಇಷ್ಟೆಲ್ಲ ಬಗೆ ಕಂಡ ನುಡಿ ನಮ್ಮದು.

ಅಗಳಿನ ಲೆಕ್ಕವನ್ನು ನಮಗಿಂತ ಚೆನ್ನಾಗಿ ಅರಿತ ಪ್ರಾಣಿ ಆನೆ. ಕಾಡಂಚಿನ ಊರುಗಳ ಸುತ್ತ ಅರಣ್ಯ ಇಲಾಖೆ ಆನೆ ಕಂದಕ ತೋಡಿಸುತ್ತದೆ. ಆನೆಗೆ ಹಾರಲು ಬಾರದು, ಆದ್ದರಿಂದ ಆಳದ ನೆಟ್ಟನೆಯ ಕಂದಕ ಕಂಡರೆ ನಿಲ್ಲಬೇಕು. ಕೆಲವು ದಿನ ನಿಲ್ಲುತ್ತದೆ. ಆಮೇಲೆ ಅಂಚಿಗೆ ಬಂದು ಮುಂಗಾಲಿನಿಂದ ಮಣ್ಣು ಒದ್ದು ಒದ್ದು ಒಳಕ್ಕೆ ಕೆಡವುತ್ತದೆ. ಕಂದಕದ ಒಂದು ಜಾಗದಲ್ಲಿ ಗೋಡೆ ಹೋಗಿ ರಾಶಿಯಾದರೆ ಸಾಕು. ಇಳಿಯಿತು, ಏರಿತು, ಬಾಳೆ ತೋಟ ಸೇರಿತು.

ಫಿರಂಗಿಯ ಕೆಲಸವೂ ಇಷ್ಟೇ. ಸಿನಿಮಾದಲ್ಲಿ ಗುಂಡು ಬಿದ್ದರೆ ಕೋಟೆ ಹಾರಿಹೋಗುತ್ತದೆ. ನಿಜವಾದ ಗೋಲಂದಾಜನಿಗೆ ಗೋಡೆ ಹಾರುವುದು ಬೇಕಿರಲಿಲ್ಲ. ಅದು ಮುಂದಕ್ಕೆ ಜರಿದು, ಅಗಳನ್ನು ತುಂಬಿ, ಸಿಪಾಯಿ ಬಂದೂಕು ಹಿಡಿದು ಓಡಿ ಹತ್ತುವಂಥ ಇಳುಕಲು ಆಗಬೇಕಿತ್ತು. ಎಂಬತ್ತು ಡಿಗ್ರಿಯ ಗೋಡೆಯನ್ನು ಮೂವತ್ತೈದು ಡಿಗ್ರಿಯ ರಾಶಿ ಮಾಡುವ ಯಂತ್ರ ಫಿರಂಗಿ. ಶ್ರೀರಂಗಪಟ್ಟಣದ ಪಡುವಣ ಗೋಡೆಯಲ್ಲಿ ಅಂಥ ರಾಶಿಯಾದ ಜಾಗ ಈಗಲೂ ಗುರುತು ಸಿಗುತ್ತದೆ, ಹತ್ತಿರವೇ ಸ್ಮಾರಕದ ಕಂಬ ಇದೆ. 1799ರ ಮೇ 4ರ ಮಧ್ಯಾಹ್ನ ಬ್ರಿಟಿಷರ ಪಡೆ ಕಾವೇರಿ ದಾಟಿ ಆ ಕಲ್ಲುಮಣ್ಣಿನ ಗುಡ್ಡೆ ಹತ್ತಲು ಕೆಲವೇ ನಿಮಿಷ ಸಾಕಾಯಿತು. ಹತ್ತಿದವರಿಗೆ ಒಳಗೆ ಇನ್ನೊಂದು ಅಗಳು ಎದುರಾದದ್ದು ಬೇರೆ ಮಾತು. ಫಿರಂಗಿ ಇಲ್ಲದ ಕಾಲದಲ್ಲಿ ಇದನ್ನೇ ಬುಟ್ಟಿ ಹೊತ್ತು ಮಾಡುತ್ತಿದ್ದರು. ಮೃತ ಸಮುದ್ರದ ದಂಡೆಯ ಮಸಾಡಾ ಬೆಟ್ಟಕ್ಕೆ ರೋಮನರು ಕಲ್ಲುಮಣ್ಣು ಪೇರಿಸಿ ಕಟ್ಟಿದ ಇಳುಕಲು ಸುಮಾರು ಎರಡು ಸಾವಿರ ವರ್ಷದ ಮೇಲೂ ಹಾಗೆಯೇ ಇದೆ.

ಹೀಗಾಗಿ ಯಾವುದೇ ಗಿರಿದುರ್ಗಕ್ಕೆ ಹೋದರೂ ನಾನು ಹುಡುಕುವುದು ಕಡಿದಾದ ಬಂಡೆಯನ್ನಲ್ಲ, ಕಡಿದು ಎಲ್ಲಿ ಮುಗಿಯಿತು ಎಂಬುದನ್ನು. ನಂದಿಬೆಟ್ಟದಲ್ಲಿ ಎಲ್ಲರೂ ಟಿಪ್ಪು ಡ್ರಾಪಿನ ಅಂಚಿಗೆ ಹೋಗಿ, ಕೈದಿಗಳನ್ನು ತಳ್ಳುತ್ತಿದ್ದರೆಂಬ ಗೈಡಿನ ಕಥೆ ಕೇಳಿ, ಮೊಬೈಲು ಹಿಡಿದು ಬಗ್ಗುತ್ತಾರೆ. ಅಲ್ಲಿಂದ ಯಾರೂ ಹತ್ತಲಿಲ್ಲ, ಹತ್ತುವ ಯೋಚನೆಯನ್ನೂ ಮಾಡಲಿಲ್ಲ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಈ ಬೆಟ್ಟಕ್ಕೆ ಏರಲು ಸಾಧ್ಯವಿದ್ದದ್ದು ಪಶ್ಚಿಮದ ಒಂದೇ ಮಗ್ಗುಲಿನಿಂದ. ಅಲ್ಲಿ ಎರಡು ಸುತ್ತು ಗೋಡೆ ಕಟ್ಟಿದ್ದರು. 1791ರಲ್ಲಿ ಬ್ರಿಟಿಷರ ಮೇಜರ್ ಗೌಡಿಯ ಪಡೆ ಮೂರು ವಾರ ಅದೇ ಮಗ್ಗುಲಿನಲ್ಲಿ ದಾರಿ ಕಡಿದು, ಫಿರಂಗಿ ಎಳೆದು, ಗೋಡೆ ಒಡೆದು, ಅಕ್ಟೋಬರ್ 19ರ ಬೆಳದಿಂಗಳಲ್ಲಿ ಒಳಗೆ ನುಗ್ಗಿತು. ಮೇಲಿದ್ದವರು ಕೊನೆಗಳಿಗೆಯಲ್ಲಿ ನೆಚ್ಚಿಕೊಂಡದ್ದೂ ಇಳಿಜಾರನ್ನೇ. ಅವರು ಉರುಳಿಸಿದ ಕಲ್ಲುಗುಂಡುಗಳಿಂದಲೇ ಹತ್ತುವವರಿಗೆ ಹೆಚ್ಚು ಪೆಟ್ಟಾಯಿತು.

ಎರಡು ತಿಂಗಳ ನಂತರ ಸಾವನದುರ್ಗ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ನೆತ್ತಿ, ನಡುವೆ ಆಳದ ಸೀಳು, ಸುತ್ತ ಬಿದಿರ ಮೆಳೆ. ಇದನ್ನು ಯಾರೂ ಹಿಡಿಯಲಾರರು ಎಂಬ ನಂಬಿಕೆ ಒಳಗಿನವರಿಗಿತ್ತು, ಹೊರಗಿನವರಿಗೂ ಇತ್ತು. ಡಿಸೆಂಬರ್ 21ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಎದುರಿಗೇ ದಾಳಿ ನಡೆಯಿತು. ಒಡೆದ ಗೋಡೆಯಿಂದ ಓಡಿದ ಕಾವಲಿನವರು ಇನ್ನೊಂದು ನೆತ್ತಿಯ ಬಾಗಿಲಿಗೆ ನುಗ್ಗಿದರು, ಅವರ ಬೆನ್ನಿಗೇ ದಾಳಿಕೋರರೂ ನುಗ್ಗಿದರು. ಒಂದು ಗಂಟೆಯೊಳಗೆ ಮುಗಿಯಿತು. ಗೆದ್ದವರ ಕಡೆ ಒಂದು ಜೀವವೂ ಹೋಗಲಿಲ್ಲ. ನಾನು ಅಲ್ಲಿಗೆ ಹೋದದ್ದು ಒಂದು ತುಂತುರು ಮಳೆಯ ದಿನ. ಆ ಅರೆಯ ಮೇಲೆ ನಾಲ್ಕು ಹೆಜ್ಜೆ ಇಟ್ಟು ಕುಳಿತುಬಿಟ್ಟೆ, ಕುಂಡೆಯ ಮೇಲೆಯೇ ಜಾರಿಕೊಂಡು ಇಳಿದೆ. ಗ್ರಾನೈಟಿನ ಬೆಟ್ಟ ಮರಳುಗಲ್ಲಿನ ಹಾಗಲ್ಲ. ಈರುಳ್ಳಿಯ ಸಿಪ್ಪೆಯಂತೆ ದುಂಡಗೆ ಸುಲಿಯುತ್ತದೆ. ನೆತ್ತಿ ಬೋಳು, ಭುಜ ಇಳಿಜಾರು, ಪಕ್ಕೆ ಕಡಿದು. ಎಲ್ಲಿಂದ ಜಾರು ಶುರುವಾಯಿತು ಎಂದು ಕಾಲಿಗೆ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ಮಧುಗಿರಿಯ ಏಕಶಿಲೆಯಲ್ಲಿ ಅದಕ್ಕೇ ಬಂಡೆಯಲ್ಲಿ ಪಾದದಷ್ಟು ಮಾತ್ರ ಅಗಲದ ಮೆಟ್ಟಿಲು ಕಡೆದಿದ್ದಾರೆ. ಇಂಥ ಪಕ್ಕೆಗಳು ಹೆಜ್ಜೇನಿಗೆ, ರಾಮನಗರದ ರಾಮದೇವರಬೆಟ್ಟದಲ್ಲಿ ರಣಹದ್ದಿಗೆ ಬಿಟ್ಟ ಜಾಗ. ‘ಶೋಲೆ’ಯ ಬಂಡೆಗಳೆಂದು ನೋಡಲು ಹೋಗುವವರು ಮೇಲೆ ಬಿಳಿ ಹಿಕ್ಕೆಯ ಗೆರೆಗಳಿರುವ ಗೋಡೆಯನ್ನೂ ಒಮ್ಮೆ ನೋಡಿ.

ಬಂಡೆಯಲ್ಲಿ ಒಂದು ಬಿರುಕಿದ್ದರೆ ಕೋಟೆಯ ಲೆಕ್ಕ ತಪ್ಪುತ್ತದೆ ಎಂಬುದನ್ನು ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ಚಿತ್ರದುರ್ಗದ ಕಿಂಡಿಯ ಮುಂದೆ ಒನಕೆ ಹಿಡಿದು ನಿಂತ ಓಬವ್ವನ ಕಥೆ ಎಲ್ಲರಿಗೂ ಬರುತ್ತದೆ. ಏಳು ಸುತ್ತಿನ ಕೋಟೆ, ಅದರಲ್ಲಿ ಮನುಷ್ಯನೊಬ್ಬ ತೂರುವಷ್ಟು ಒಂದು ಸಂದು. ಕೋಟೆಗೋಡೆಗೆ ಉಡ ಎಸೆದು ಹಗ್ಗ ಹಿಡಿದು ಹತ್ತಿದರೆಂಬ ಕಥೆಗಳನ್ನು ಮಾತ್ರ ನಾನು ನಂಬುವುದಿಲ್ಲ. ಉಡದ ಹಿಡಿತ ಗಟ್ಟಿಯೇ ಇರಬಹುದು, ಆದರೆ ಮನುಷ್ಯನ ತೂಕ ಹೊತ್ತು ಸುಮ್ಮನಿರುವ ಸೈರಣೆ ಅದಕ್ಕೆ ಇದ್ದೀತೇ?

ಮನುಷ್ಯ ಬೆಟ್ಟವನ್ನೇ ಕಡಿದು ನೆಟ್ಟಗೆ ಮಾಡಿದ್ದನ್ನು ನೋಡಬೇಕಾದರೆ ಔರಂಗಾಬಾದಿನ ಹತ್ತಿರದ ದೇವಗಿರಿಗೆ, ಈಗಿನ ದೌಲತಾಬಾದಿಗೆ ಹೋಗಬೇಕು. ಕನ್ನಡದಲ್ಲೂ ಶಾಸನ ಬರೆಸಿದ ಸೇವುಣ ಯಾದವರ ರಾಜಧಾನಿ ಅದು. ಸುಮಾರು ಇನ್ನೂರು ಮೀಟರಿನ ಶಂಕುವಿನಂಥ ಬೆಟ್ಟ, ಅದರ ಕೆಳಭಾಗವನ್ನು ಸುತ್ತಲೂ ಉಳಿಯಿಂದ ಕೆತ್ತಿ ಐವತ್ತು ಮೀಟರಿನಷ್ಟು ನೆಟ್ಟನೆಯ ಗೋಡೆ ಮಾಡಿದ್ದಾರೆ. ಬುಡದಲ್ಲಿ ಬಂಡೆಯಲ್ಲೇ ತೋಡಿದ ಅಗಳು. ಕತ್ತಲೆಯ ಸುರಂಗವೊಂದೇ ದಾರಿ. ಕೆತ್ತಿದ ಮೇಲೆ ಅಷ್ಟೂ ಕಲ್ಲನ್ನು ಬುಡದಿಂದ ಸಾಗಿಸಿದ್ದಾರಲ್ಲ, ನನಗೆ ಬೆರಗು ಅದು. ಒಂದು ಬುಟ್ಟಿ ಬಿಟ್ಟಿದ್ದರೂ ಒಂದು ಬುಟ್ಟಿಯಷ್ಟು ರಾಶಿ. 1296ರಲ್ಲಿ ಅಲಾವುದ್ದೀನ ಮುತ್ತಿಗೆ ಹಾಕಿದಾಗ ರಾಜ ರಾಮಚಂದ್ರ ಮಣಿದದ್ದಕ್ಕೆ ಕಾರಣವಾಗಿ ಒಂದು ಕಥೆ ಹೇಳುತ್ತಾರೆ: ಗಡಿಬಿಡಿಯಲ್ಲಿ ಧಾನ್ಯವೆಂದು ಕೋಟೆಗೆ ಸಾಗಿಸಿದ್ದ ಚೀಲಗಳನ್ನು ಬಿಚ್ಚಿದರೆ ಒಳಗೆ ಉಪ್ಪು.

ಕರ್ನಾಟಕದ ಎಲ್ಲಕ್ಕಿಂತ ದೊಡ್ಡ ಕಡಿದನ್ನು ನಾವು ಬೆಟ್ಟ ಎಂದು ತಪ್ಪು ತಿಳಿದಿದ್ದೇವೆ. ಪಶ್ಚಿಮಘಟ್ಟ ಬೆಟ್ಟದ ಸಾಲಿಗಿಂತ ಹೆಚ್ಚಾಗಿ ಒಂದು ಅಂಚು, ದಖ್ಖನ್ನಿನ ಮುರಿದ ಪಡುವಣ ಅಂಚು. ಸುಮಾರು ಒಂಬತ್ತು ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾದಾಗ ಒಡೆದ ದಡದಿಂದ ಶುರುವಾಗಿ, ಸವೆದೂ ಸವೆದೂ ಪೂರ್ವಕ್ಕೆ ಸರಿದದ್ದು ಇದು ಎನ್ನುತ್ತಾರೆ ಹೆಚ್ಚಿನ ಭೂವಿಜ್ಞಾನಿಗಳು. ಬಾದಾಮಿಯದೇ ದೊಡ್ಡ ರೂಪ: ಎದೆ ಕಡಿದು, ಬೆನ್ನು ಇಳಿಜಾರು. ಅದಕ್ಕೇ ತುಂಗೆ, ಕಾವೇರಿಗಳು ಸಮುದ್ರದ ಪಕ್ಕದಲ್ಲೇ ಹುಟ್ಟಿ, ಅದಕ್ಕೆ ಬೆನ್ನು ಹಾಕಿ ಬಂಗಾಳಕೊಲ್ಲಿಯ ತನಕ ನಡೆಯುತ್ತವೆ. ಶರಾವತಿ ಮಾತ್ರ ಆತುರಗಾರ್ತಿ, ಜೋಗದಲ್ಲಿ 253 ಮೀಟರು ಒಂದೇ ಉಸಿರಿಗೆ ಧುಮುಕುತ್ತಾಳೆ. ನಮ್ಮ ಮಾತಿನಲ್ಲಿ ದಿಕ್ಕುಗಳಿಗಿಂತ ಘಟ್ಟದ ಈ ಅಂಚೇ ಮೊದಲು. ಹೆಣ್ಣು ಕೊಡುವುದಿರಲಿ, ಆಳು ಹುಡುಕುವುದಿರಲಿ, ಕೇಳುವುದು ಒಂದೇ, ಘಟ್ಟದ ಮೇಲಿನವರೋ ಕೆಳಗಿನವರೋ.

ಹಂಡೆಯೊಳಗಿನ ಬಿಳಿಚು ಮಣ್ಣಿಗೆ ಬರುತ್ತೇನೆ. ಅದು ಶೇಡಿ. ನಮ್ಮ ಕಡೆಯ ಗುಡ್ಡಗಳ ಮೇಲುಹೊದಿಕೆ ಜಂಬಿಟ್ಟಿಗೆ. ನೆಲದೊಳಗಿರುವಾಗ ಕೊಡಲಿಗೆ ಬಗ್ಗುವಷ್ಟು ಮೆದು, ಗಾಳಿ ಬಿಸಿಲು ತಾಗಿದರೆ ಕಲ್ಲು. 1800-01ರಲ್ಲಿ ಈ ಸೀಮೆಗಳಲ್ಲಿ ತಿರುಗಿದ ಬುಕಾನನ್ ಇದನ್ನು ಗಮನಿಸಿಯೇ ಲ್ಯಾಟರೈಟ್ ಎಂದು ಹೆಸರಿಟ್ಟ, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬ ಅರ್ಥದಿಂದ. ಇಂಥ ಕಲ್ಲಿನಲ್ಲಿ ತೋಡಿದ ಅಗಳಿನ ಮಗ್ಗುಲು ನೂರಾರು ವರ್ಷ ನೆಟ್ಟಗೆ ನಿಲ್ಲಬಲ್ಲದು. ಆದರೆ ಆ ಹೊದಿಕೆ ತೆಳು. ಅದರ ಅಡಿಗೆ ಇರುವುದು ಶೇಡಿ, ಅಂಗೈಯಲ್ಲಿ ಹಿಸುಕಿದರೆ ಬೆಣ್ಣೆಯಂತಾಗುವ ಜೇಡಿ. ಅಪ್ಪಯ್ಯ ಕಡಿಸಿದ ದರೆಯ ಮೇಲಿನ ನಾಲ್ಕಡಿ ಜಂಬಿಟ್ಟಿಗೆ, ಕೆಳಗಿನ ಹನ್ನೊಂದಡಿ ಶೇಡಿ. ನಾಲ್ಕಡಿ ನೋಡಿ ಹದಿನೈದಡಿಗೆ ಧೈರ್ಯ ಮಾಡಿದ್ದರು.

ಉಳಿದದ್ದನ್ನು ನೀರು ಮಾಡಿತು. ಮಕ್ಕಳು ಮರಳಿನ ಗೂಡು ಕಟ್ಟುವುದು ಗೊತ್ತಲ್ಲ. ಮರಳು ಒಣಗಿದ್ದರೆ ಜಾರುತ್ತದೆ, ಸ್ವಲ್ಪ ತೇವವಿದ್ದರೆ ನೆಟ್ಟಗೆ ನಿಲ್ಲುತ್ತದೆ, ನೀರು ಹೆಚ್ಚಾದರೆ ಅಂಬಲಿ. ತೇವ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಸಂದುಗಳೆಲ್ಲ ತುಂಬಿದ ಮೇಲೆ ಅದೇ ನೀರು ಕಣಗಳನ್ನು ಬೇರೆ ತಳ್ಳುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಕಡಿದ ದರೆ ಕಡಿದವನಿಗೆ ಮೋಸ ಮಾಡುತ್ತದೆ. ವೈಶಾಖದಲ್ಲಿ ಅದು ಗೋಡೆಯೇ. ಆಷಾಢದ ನಾಲ್ಕು ದಿನ ಬಿಡದೆ ಸುರಿದ ಮೇಲೆ ಒಳಗೆ ಏನಾಗಿದೆ ಎಂದು ಹೊರಗೆ ಕಾಣುವುದಿಲ್ಲ. ಹಳಬರು ನೋಡುತ್ತಿದ್ದ ಗುರುತುಗಳು ಕೆಲವಿವೆ: ದರೆಯ ನೆತ್ತಿಯಲ್ಲಿ ಕಮಾನಿನಂಥ ಬಿರುಕು, ಮರ ಓರೆಯಾಗುವುದು, ತಿಳಿಯಾಗಿದ್ದ ಒಸರು ಇದ್ದಕ್ಕಿದ್ದಂತೆ ಕದಡುವುದು ಅಥವಾ ನಿಂತೇಹೋಗುವುದು. ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬಾರದು.

ಈಗ ದರೆ ಕಡಿಯುವುದು ಗುದ್ದಲಿಯಲ್ಲ, ಜೆಸಿಬಿ. ವಾರದ ಕೆಲಸ ಅರ್ಧ ದಿನಕ್ಕೆ ಮುಗಿಯುತ್ತದೆ, ಅಜ್ಜಿಯಂದಿರು ಮಾತಾಡಲು ಹೊತ್ತೇ ಸಿಗುವುದಿಲ್ಲ. ಘಟ್ಟದ ರಸ್ತೆಗಳ ಪಕ್ಕದಲ್ಲಿ ಹತ್ತಾರು ಮೀಟರು ನೆಟ್ಟಗೆ ಕಡಿದ ಕೆಂಪು ಗೋಡೆಗಳನ್ನು ಬಸ್ಸಿನ ಕಿಟಕಿಯಿಂದ ನೋಡುವಾಗ, ನನ್ನ ಕಣ್ಣು ಜಂಬಿಟ್ಟಿಗೆ ಮುಗಿದು ಶೇಡಿ ಶುರುವಾಗುವ ಗೆರೆಯನ್ನೇ ಹುಡುಕುತ್ತದೆ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ರಸ್ತೆಯನ್ನು ಮುಚ್ಚಿ ಗಂಗಾವಳಿ ನದಿಗೆ ಇಳಿಯಿತು. ಜೀವಗಳು ಹೋದವು. ನದಿಯ ತಳ ಸೇರಿದ್ದ ಒಂದು ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟು ದಿನವೂ ನಾನು ಟೀವಿ ಹಾಕಿಕೊಂಡೇ ಕುಳಿತಿರುತ್ತಿದ್ದೆ.

ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಹೋದ ವರ್ಷ ತಮ್ಮ ಕಾರಿನ ಶೆಡ್ಡಿಗೆಂದು ದರೆ ಕಡಿಸಲು ಜೆಸಿಬಿ ತರಿಸಿದ. ಡ್ರೈವರು ಬಿಜಾಪುರದ ಕಡೆಯ ಹುಡುಗ. ನಾನು ಕ್ಲೈನೋಮೀಟರು ಹಿಡಿದು ಅಂಗಳಕ್ಕೆ ಇಳಿದದ್ದು ನೋಡಿ ತಮ್ಮ ಹಣೆ ಚಚ್ಚಿಕೊಂಡ.

“ಎಷ್ಟ್ ಇಳಿಜಾರ ಬಿಡ್ಲಿರೀ ಅಕ್ಕಾರ?”

ನಾನು ಮೊಣಕೈ ಊರಿ ಕೈಯನ್ನು ಓರೆ ಮಾಡಿ ತೋರಿಸಿದೆ. ಅವನು ಬಕೆಟ್ಟನ್ನು ಅದೇ ಓರೆಗೆ ತಂದು ನಿಲ್ಲಿಸಿ, ಸರಿಯೇ ಎಂದು ಕಣ್ಣಲ್ಲೇ ಕೇಳಿದ. ಇನ್ನೂ ಸ್ವಲ್ಪ ಮಲಗಿಸಿದ.

“ಅಕ್ಕ, ಹೀಗೆ ಕಡಿದ್ರೆ ಕಾರು ಎಲ್ಲಿ ನಿಲ್ಲಿಸ್ಲಿ?” ಎಂದ ತಮ್ಮ.

ನಡುವೆ ಒಂದು ಮೆಟ್ಟಿಲು ಬಿಡಿಸಿದೆವು. ನೆತ್ತಿಯ ಹಿಂದೆ ನೀರು ಪಕ್ಕಕ್ಕೆ ಹೋಗುವಂತೆ ಚರಂಡಿ ತೆಗೆಸಿದೆವು. ಇಳಿಜಾರಿಗೆ ಲಾವಂಚ ನೆಟ್ಟೆವು, ಅದರ ಬೇರು ಆಳಕ್ಕೆ ಇಳಿಯುತ್ತದೆ. ಬುಡದಲ್ಲಿ ಎರಡಡಿ ಒಣಕಲ್ಲಿನ ಕಟ್ಟೆ. ಶೆಡ್ಡಿಗೆ ಬೇಕಿದ್ದ ಜಾಗದಲ್ಲಿ ನಾಲ್ಕಡಿ ದರೆಗೇ ಹೋಯಿತು. ಈ ಮಳೆಗಾಲ ಪೂರ್ತಿ ಕಾರಿನ ಹಿಂಭಾಗ ಹೊರಗೇ ಉಳಿದು ನೆನೆಯಿತು, ತಮ್ಮ ಅದಕ್ಕೊಂದು ನೀಲಿ ಟಾರ್ಪಾಲು ಹೊದಿಸಿ ಹಗ್ಗ ಬಿಗಿದಿದ್ದ. ಬೆಳಿಗ್ಗೆ ಸ್ನಾನಕ್ಕೆ ಹೋದಾಗಲೆಲ್ಲ ಬಚ್ಚಲ ಕಿಟಕಿಯಿಂದ ನನಗೆ ಎರಡೂ ಕಾಣುತ್ತಿದ್ದವು, ಟಾರ್ಪಾಲು ಮತ್ತು ಅದರ ಹಿಂದೆ ಒರಗಿದ ದರೆ.